ಬೆನ್ನಿಗೆ ನರ

ದಡಸಲಿನ ಹಳೇ ಹುಟ್ಟು, ಅಲಗು ಮುರಿದದ್ದು,
ಕೋಡಿಬಾಗದ ಹಿತ್ತಲಲ್ಲಿ ಬೇಲಿಗೂಟವಾಗಿತ್ತು.
ಇನಾಸ ಮೇಸ್ತ ಅದನ್ನು ಕಿತ್ತು, ಮೂಸಿ, ಉಗುರಲ್ಲಿ ಕೆರೆದು
‘ಇದರೊಳಗೆ ಬಿಲ್ಲಿದೆ’ ಎಂದ.
ನನಗೆ ಬಿಲ್ಲೆಂದರೆ ಆಗ ಆಸ್ಪತ್ರೆಯದು ಮಾತ್ರ ಗೊತ್ತು.

ಎಲ್ಲಿ ಕಲಿತೆ ಮಾರಾಯ, ಅಂದರೆ ಮಸ್ಕತ್ ಅನ್ನುತ್ತಾನೆ,
ಮರುದಿನ ಕೇಳಿದರೆ ಜೋಯಿಡಾದ ಕಾಡು.
ದೋಣಿಗಳೆಲ್ಲ ಫೈಬರ್ ಆದಮೇಲೆ
ಅವನ ಬಾಚಿ ಉಳಿಗಳಿಗೆ ಒಂದು ನೆವ ಬೇಕಿತ್ತು, ಅಷ್ಟೆ.

ಕೆತ್ತುವಾಗ ಬೆನ್ನಿನ ಕಡೆ ಮರದ ಎಳೆ ಕಡಿಯಿತು.
ಹೀಗೇ ಬಗ್ಗಿಸಿದರೆ ಸಿಬಿರೆದ್ದು ಲಟ್ಟೆನ್ನುತ್ತದೆ.
‘ಹೊಟ್ಟೆ ಕುಗ್ಗುವುದನ್ನು ಮರ ತಾಳುತ್ತದೆ,
ಬೆನ್ನು ಹಿಗ್ಗುವುದನ್ನು ತಾಳುವುದಕ್ಕೆ ನರವೇ ಬೇಕು.’

ಮಕ್ಬೂಲನ ಅಂಗಡಿಯಿಂದ ಮುದಿ ಕೋಣದ ಹಿಮ್ಮಡಿ ನರ,
ಕಾಲಿಗೊಂದು, ಗೇಣಿಗಿಂತ ಉದ್ದ,
ಹಂಚಿನ ಮೇಲೆ ಒಣಗಿ ಗಾಜಿನಂತೆ ಹಳದಿ.
ಕಲ್ಲಿನ ಮೇಲಿಟ್ಟು ಕೊಡತಿಯಲ್ಲಿ ಜಜ್ಜಿದವ ನಾನು.
ಹೊಡೆದಷ್ಟೂ ಬಿಳಿ, ಹೊಡೆದಷ್ಟೂ ನೂಲು;
ಆಮೇಲೆ ಹೇನಿನ ಹಣಿಗೆಯಲ್ಲಿ ಬಾಚಿ
ಉದ್ದದ್ದು ಬೇರೆ, ಗಿಡ್ಡದ್ದು ಬೇರೆ.

ಬೈತಖೋಲದ ಧಕ್ಕೆಯಲ್ಲಿ ಬಲೆಯ ತಂತಿ ಹರಿದು
ಬಂದು ಬಡಿದದ್ದು ನನ್ನ ಎಡ ಹಿಮ್ಮಡಿಗೆ.
ಯಾರೋ ಹಿಂದಿನಿಂದ ಒದ್ದರೆಂದು ತಿರುಗಿ ನೋಡಿದೆ,
ಬೈಯಲು ಬಾಯಿ ತೆರೆದೇ ಇದ್ದೆ.
ಯಾರೂ ಇರಲಿಲ್ಲ.
ಕೂಡಿಸಿ ಹೊಲಿದ ಡಾಕ್ಟರಮ್ಮ ಹೇಳಿದ್ದು:
ಇದು ಮೂಳೆಯಲ್ಲ, ನರ. ಅವಸರ ಮಾಡಿದರೆ ಕ್ಷಮಿಸುವುದಿಲ್ಲ.
ಹನ್ನೊಂದು ತಿಂಗಳಾಯಿತು.
ದೋಣಿಯ ಅಂಚು ಕಂಡರೆ ಈಗಲೂ ಕಾಲು ನನ್ನ ಮಾತು ಕೇಳುವುದಿಲ್ಲ.

ಗೋಂದು ಘೋಳ್ ಮೀನಿನ ಗಾಳಿಚೀಲದ್ದು.
ಒಂದೊಂದಕ್ಕೂ ದಲ್ಲಾಳಿ ಬಂಗಾರದ ಬೆಲೆ ಹೇಳುತ್ತಾನೆ;
ಹರಿದ ಎರಡನ್ನು ನನ್ನ ಹೆಂಡತಿ
ಅವನ ಕಣ್ಣೆದುರೇ ಸೆರಗಿಗೆ ಕಟ್ಟಿ ತಂದಳು.
ಪಾತ್ರೆಯೊಳಗೆ ಪಾತ್ರೆ, ಬೆರಳು ತಡೆಯುವಷ್ಟೇ ಬಿಸಿ.
ಕುದ್ದರೆ ಸತ್ತಿತು.

ಬೂದಿನೀರಲ್ಲಿ ತೊಳೆದ ಬೆನ್ನಿನ ಮೇಲೆ
ಅದ್ದಿ, ಬೆರಳ ಸಂದಿಯಲ್ಲಿ ಹಿಂಡಿ, ಎಳೆಯ ಪಕ್ಕ ಎಳೆ,
ಹಿಡಿಯಿಂದ ತುದಿಗೆ, ಇಟ್ಟಿಗೆಯ ಗೋಡೆಯಂತೆ ಸಂದು ತಪ್ಪಿಸಿ.
ಒಂದು ಪದರ. ಮೇಲೆ ಇನ್ನೊಂದು.
ಮಾತಿಲ್ಲ, ಮಾತಾಡಿದರೆ ಗೋಂದು ಆರುತ್ತದೆ.
ನಡುವೆ ನನ್ನ ಹಿಮ್ಮಡಿಯ ಹೊಲಿಗೆ ತುರಿಸತೊಡಗಿತು;
ಎರಡೂ ಕೈ ಅಂಟು. ಕೆರೆದುಕೊಳ್ಳಲಾಗಲಿಲ್ಲ.

ಕಾರವಾರದಲ್ಲಿ ಏನನ್ನಾದರೂ ಒಣಗಿಸುವುದೆಂದರೆ
ಸಮುದ್ರದ ಸಂಗಡ ಜಗಳಕ್ಕೆ ನಿಂತಂತೆ.
ಹಗಲು ಗಟ್ಟಿಯಾದದ್ದು ರಾತ್ರಿಯ ಗಾಳಿಗೆ ಮತ್ತೆ ಮೆತ್ತಗೆ.
ಮೀನಿನ ವಾಸನೆಗೆ ಬಂದ ಬೆಕ್ಕು
ತುದಿಯ ನಾಲ್ಕು ಬೆರಳಷ್ಟು ನೆಕ್ಕಿಬಿಟ್ಟಿತು,
ಅಷ್ಟನ್ನೂ ಹೊಸದಾಗಿ ಹಾಕಿದೆವು
ಅದರ ಅಜ್ಜಿ ಮುತ್ತಜ್ಜಿಯರನ್ನೆಲ್ಲ ನೆನೆಯುತ್ತ.
ಕೊನೆಗೆ ಒಲೆಯ ಮೇಲಿನ ಅಟ್ಟ.
ಅಲ್ಲಿ ತೂಗಿತು ಬಿಲ್ಲು
ದೀಪಾವಳಿಯಿಂದ ಶಿವರಾತ್ರಿಯವರೆಗೆ.

ದಿನಾ ಕೇಳಿದೆ, ಇವತ್ತು ಇಳಿಸೋಣವೇ?
ಇನಾಸ ಮೇಲೆ ನೋಡಲಿಲ್ಲ,
ನನ್ನ ಕಾಲು ನೋಡಿದ.

ಇಳಿಸಿದಾಗ ಅದು ನೆಟ್ಟಗಿರಲಿಲ್ಲ.
ಒಣಗುತ್ತ ಬಿಗಿದುಕೊಂಡ ನರ
ನಾವು ಬಗ್ಗಿಸಬೇಕಾದ ಕಡೆಗಲ್ಲ, ಅದರ ವಿರುದ್ಧಕ್ಕೆ
ಮರವನ್ನು ಎಳೆದಿತ್ತು,
ಎತ್ತಿಕೊಳ್ಳಹೋದರೆ ಹಿಂದಕ್ಕೆ ಸೆಟೆಯುವ ಮಗುವಿನ ಹಾಗೆ.
ಕೆಟ್ಟಿತು ಅಂದುಕೊಂಡೆ ನಾನು.
‘ಹೀಗೇ ಇರಬೇಕು’ ಎಂದ. ‘ಕೋಣ ಇನ್ನೂ ದುಡಿಯುತ್ತಿದೆ.’

ಹೆದೆ ಏರಿಸಲು, ಕೆಳತುದಿಯನ್ನು ಬಲಪಾದಕ್ಕೆ ಸಿಕ್ಕಿಸಿ,
ಎಡಗಾಲು ಒಳಗಿಟ್ಟು, ತೊಡೆಯಿಂದ ಒತ್ತಬೇಕು;
ಒಂದು ಗಳಿಗೆ ಇಡೀ ಮೈ
ಎಡ ಮುಂಗಾಲಿನ ಮೇಲೆ.
ಇನಾಸನಿಗೆ ಇದು ಗೊತ್ತು.
ಕುಣಿಕೆಯನ್ನು ನನ್ನ ಕೈಗಿಟ್ಟು
ಬೀಡಿ ಹಚ್ಚುತ್ತೇನೆಂದು ಹೊರಗೆ ಹೋದ,
ಬೆಂಕಿಪೊಟ್ಟಣ ಇಲ್ಲೇ, ಹಲಗೆಯ ಮೇಲೆ ಬಿಟ್ಟು.